ಇಸವಿ ಮೊದಲು, ವಚನ ಆಮೇಲೆ: ಸೆರೆವಾಸದ ಪ್ರವಾದಿಗಳನ್ನು ಓದುವ ಕ್ರಮ

ಯೆರೆಮೀಯನ ಗ್ರಂಥವನ್ನು ಒಂದನೇ ಅಧ್ಯಾಯದಿಂದ ಸಾಲಾಗಿ ಓದುತ್ತಾ ಹೋದವರು 21ನೇ ಅಧ್ಯಾಯದಿಂದ ಮುಂದೆ ಗೊಂದಲಕ್ಕೆ ಬೀಳುವುದು ಸಹಜ. 21ರಲ್ಲಿ ಚಿದ್ಕೀಯ ಅರಸ, ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ. 25ಕ್ಕೆ ಬಂದರೆ ಯೆಹೋಯಾಕೀಮನ ನಾಲ್ಕನೇ ವರ್ಷ, ಅಂದರೆ ಸುಮಾರು ಹದಿನೇಳು ವರ್ಷ ಹಿಂದೆ. 26 ಇನ್ನೂ ಹಿಂದೆ, ಅದೇ ಅರಸನ ಆಳ್ವಿಕೆಯ ಆರಂಭ. 27ರಲ್ಲಿ ಮತ್ತೆ ಚಿದ್ಕೀಯ. ಈ ಗ್ರಂಥವನ್ನು ಜೋಡಿಸಿದವರು ಕಾಲಕ್ರಮವನ್ನು ಹಿಡಿಯಲಿಲ್ಲ, ವಿಷಯವನ್ನು ಹಿಡಿದರು. ಇದು ತಿಳಿಯದ ಓದುಗ ಕಥೆಯ ಎಳೆ ಕಳೆದುಕೊಳ್ಳುತ್ತಾನೆ. ಎಳೆ ಕಳೆದುಕೊಂಡವನು ಇಷ್ಟವಾದ ಒಂದೊಂದು ವಚನವನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಡುತ್ತಾನೆ. ಸೆರೆವಾಸದ, ಅಂದರೆ ಯೆಹೂದ್ಯರು ಬಾಬೆಲಿಗೆ ಸೆರೆಯಾಗಿ ಹೋದ ಕಾಲದ, ಪ್ರವಾದಿಗಳ ವಿಷಯದಲ್ಲಿ ಕ್ರೈಸ್ತ ಓದುಗರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮಕ್ಕೆ ಒಂದೇ ಮೂಲ ನಿಯಮ: ಮಾತು ಯಾವ ವರ್ಷದ್ದು, ಯಾರ ಕಿವಿಗೆ ಬಿದ್ದದ್ದು ಎಂದು ಗೊತ್ತುಮಾಡಿಕೊಳ್ಳದೆ ಅದನ್ನು ಕ್ರಿಸ್ತನ ಕಡೆಗೆ ತಿರುಗಿಸಬಾರದು. ಮೊದಲು ಯೆಹೆಜ್ಕೇಲನ ಎದುರು ಕೂತವರ ಜೊತೆ ಕೂತು ಕೇಳಬೇಕು. ಆಮೇಲೆ ಸುವಾರ್ತೆಯ ಕಡೆ ನಡೆಯಬೇಕು. ಹೀಗೆ ಮಾಡಿದರೆ ಕ್ರಿಸ್ತನ ದನಿ ಕುಗ್ಗುವುದಿಲ್ಲ, ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ.

ಎಷ್ಟು ಓದಬೇಕು, ಏನೇನು ಬೇಕು

ಯೆರೆಮೀಯ 52 ಅಧ್ಯಾಯ, ಪ್ರಲಾಪಗಳು 5, ಯೆಹೆಜ್ಕೇಲ 48, ಯೆಶಾಯ 40ರಿಂದ 55ರವರೆಗೆ 16, ದಾನಿಯೇಲ 12, ಓಬದ್ಯ 1. ಒಟ್ಟು 134 ಅಧ್ಯಾಯ. ದಿನಕ್ಕೆ ಎರಡರಂತೆ ವಾರಕ್ಕೆ ಐದು ದಿನ ಓದಿದರೆ ಹದಿನಾಲ್ಕು ವಾರ ಬೇಕು. ಕೊನೆಗೆ ಹೊಸ ಒಡಂಬಡಿಕೆಯ ಭಾಗಗಳಿಗೆ ಎರಡು ವಾರ ಸೇರಿಸಿ, ಹದಿನಾರು ವಾರ ಎಂದು ಲೆಕ್ಕ ಇಟ್ಟುಕೊಳ್ಳಿ. ಇದಕ್ಕಿಂತ ವೇಗ ಬೇಡ. ಯೆಹೆಜ್ಕೇಲನ 40ರಿಂದ 48ರವರೆಗಿನ ಅಧ್ಯಾಯಗಳನ್ನು ಓಡಿಸಿಕೊಂಡು ಓದಿದರೆ ಅಳತೆಗಳ ಪಟ್ಟಿ ಬಿಟ್ಟು ಬೇರೇನೂ ಕೈಗೆ ಸಿಗುವುದಿಲ್ಲ.

ಎರಡು ಅನುವಾದ ಇರಲಿ: ಸಭೆಗಳಲ್ಲಿ ಓದುವ ಹಳೆಯ ಸತ್ಯವೇದ ಒಂದು, ಈಗಿನ ಸರಳ ಕನ್ನಡದ್ದು ಇನ್ನೊಂದು. ಕವಿತೆಯ ಭಾಗಕ್ಕೆ ಹಳೆಯದು ಹಿತ, ಯೆಹೆಜ್ಕೇಲನ ಉದ್ದ ವಾಕ್ಯಗಳಿಗೆ ಹೊಸದು ಅನುಕೂಲ. ಕಥೋಲಿಕರ ಬೈಬಲಿನಲ್ಲಿ ಬಾರೂಕನ ಗ್ರಂಥವೂ ದಾನಿಯೇಲನ ಗ್ರೀಕ್ ಸೇರ್ಪಡೆಗಳೂ ಇರುತ್ತವೆ. ಬೇರೆ ಬೇರೆ ಸಭೆಯವರು ಕೂಡಿ ಓದುವಾಗ ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ದಾನಿಯೇಲನ ಅಧ್ಯಾಯ ಹನ್ನೆರಡೋ ಹದಿನಾಲ್ಕೋ ಎಂಬಲ್ಲೇ ಅರ್ಧ ಗಂಟೆ ಹೋಗುತ್ತದೆ. ಇವುಗಳ ಜೊತೆಗೆ ದೊಡ್ಡ ಹಾಳೆಯ ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ಸಿಲ್, ನೈಲ್‌ನಿಂದ ಪರ್ಷಿಯದವರೆಗೆ ತೋರಿಸುವ ಒಂದು ನಕ್ಷೆ ಇದ್ದರೆ ಸಾಕು. ವ್ಯಾಖ್ಯಾನ ಗ್ರಂಥವನ್ನು ಮೊದಲ ಓದಿಗೆ ಮುಟ್ಟದಿರುವುದೇ ಒಳ್ಳೆಯದು.

ಮೊದಲ ಹೆಜ್ಜೆ: ಒಂದು ಪುಟದ ಕಾಲರೇಖೆ

ಅರಸುಗಳ ಎರಡನೇ ಗ್ರಂಥದ 22ರಿಂದ 25ರವರೆಗೆ ಒಂದೇ ಬೈಠಕ್ಕಿನಲ್ಲಿ ಓದಿ. ಆಮೇಲೆ ಹಾಳೆಯನ್ನು ಅಡ್ಡ ಹಿಡಿದು ಈ ಇಸವಿಗಳನ್ನು ಗುರುತಿಸಿ. ಎಲ್ಲವೂ ಕ್ರಿಸ್ತಪೂರ್ವ.

627: ಯೆರೆಮೀಯನಿಗೆ ಕರೆ, ಅರಸ ಯೋಷೀಯನ 13ನೇ ವರ್ಷ.
609: ಮೆಗಿದ್ದೋವಿನಲ್ಲಿ ಯೋಷೀಯನ ಸಾವು.
605: ಕರ್ಕೆಮೀಷಿನಲ್ಲಿ ಐಗುಪ್ತರಿಗೆ ಸೋಲು, ಬಾಬೆಲಿನ ನೆಬೂಕದ್ನೆಚ್ಚರನ ಏಳಿಗೆ.
597: ಯೆರೂಸಲೇಮ್ ಶರಣು, ಅರಸ ಯೆಹೋಯಾಖೀನನೂ ಅವನ ಜೊತೆ ಯೆಹೆಜ್ಕೇಲನೂ ಬಾಬೆಲಿಗೆ.
593: ಕೆಬಾರ್ ಕಾಲುವೆಯ ಬಳಿ ಯೆಹೆಜ್ಕೇಲನಿಗೆ ದರ್ಶನ.
587 ಅಥವಾ 586: ನಗರದ ಪತನ, ದೇವಾಲಯ ಸುಟ್ಟದ್ದು.
582: ಸೆರೆಯವರ ಮೂರನೇ ಸಾಗಣೆ.
561ರ ಸುಮಾರು: ಯೆಹೋಯಾಖೀನನ ಬಿಡುಗಡೆ.
539: ಪರ್ಷಿಯದ ಅರಸ ಕೋರೆಷನ ಕೈಗೆ ಬಾಬೆಲ್.
538: ಹಿಂದಿರುಗಲು ಅಪ್ಪಣೆ.

587 ಅಥವಾ 586 ಎಂದು ಎರಡು ಇಸವಿ ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವರ್ಷ ವಸಂತದಲ್ಲಿ ಆರಂಭವೋ ಶರತ್ಕಾಲದಲ್ಲೋ ಎಂಬುದರ ಮೇಲೆ ಅರಸನ ಆಳ್ವಿಕೆಯ ಲೆಕ್ಕ ಒಂದು ವರ್ಷ ಆಚೀಚೆ ಆಗುತ್ತದೆ. 597ಕ್ಕೆ ಈ ತೊಂದರೆ ಇಲ್ಲ. ಬಾಬೆಲಿನ ಆಸ್ಥಾನದ ವೃತ್ತಾಂತ ಬರೆದ ಜೇಡಿಮಣ್ಣಿನ ಫಲಕವೊಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದು ನಗರ ಬಿದ್ದ ದಿನವನ್ನು ಅದಾರ್ ತಿಂಗಳ ಎರಡು ಎಂದು ಹೇಳುತ್ತದೆ, ನಮ್ಮ ಲೆಕ್ಕದಲ್ಲಿ 597ರ ಮಾರ್ಚ್ 16.

ಈ 597 ಮತ್ತು 587ರ ನಡುವಿನ ಹತ್ತು ವರ್ಷಗಳ ಮೇಲೆ ಒಂದು ಬಣ್ಣ ಎಳೆಯಿರಿ. ಇಡೀ ಅಧ್ಯಯನದ ಕೀಲಿ ಅಲ್ಲಿದೆ. ಆ ಹತ್ತು ವರ್ಷ ಯೆಹೂದ್ಯರು ಎರಡು ಕಡೆ ಇದ್ದರು. ಅರಸ, ಅಧಿಕಾರಿಗಳು, ಕಮ್ಮಾರರು, ಯಾಜಕರು ಬಾಬೆಲಿನಲ್ಲಿ. ಹೆಚ್ಚಿನ ಜನ ಊರಿನಲ್ಲಿ. ಯೆರೆಮೀಯ 52:28-30 ಮೂರು ಸಾಗಣೆಗಳ ಲೆಕ್ಕ ಕೊಡುತ್ತದೆ: 3,023, 832, 745; ಒಟ್ಟು 4,600. ಅರಸುಗಳ ಗ್ರಂಥ ಮೊದಲ ಸಾಗಣೆಗೇ ಹತ್ತು ಸಾವಿರ ಎನ್ನುತ್ತದೆ. ಎರಡೂ ಒಂದೇ ಗುಂಪನ್ನು ಎಣಿಸಿರಲಿಕ್ಕಿಲ್ಲ. ಯಾವ ಲೆಕ್ಕ ಹಿಡಿದರೂ ಇಡೀ ನಾಡು ಖಾಲಿಯಾಗಲಿಲ್ಲ. ಊರಿನಲ್ಲಿ ಉಳಿದವರು ಹೋದವರನ್ನು ದೇವರು ಕೈಬಿಟ್ಟವರು ಎಂದರು (ಯೆಹೆಜ್ಕೇಲ 11:15). ಯೆರೆಮೀಯ ಅದನ್ನು ತಿರುಗಿಸಿ, ಹೋದವರೇ ಒಳ್ಳೆಯ ಅಂಜೂರ, ಉಳಿದವರು ಕೆಟ್ಟವು ಎಂದ (24ನೇ ಅಧ್ಯಾಯ). ಈ ಜಗಳ ಗೊತ್ತಿದ್ದರೆ ಇಬ್ಬರು ಪ್ರವಾದಿಗಳ ಅರ್ಧದಷ್ಟು ಮಾತು ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡನೇ ಹೆಜ್ಜೆ: ಯೆರೆಮೀಯನನ್ನು ಅರಸರ ಪ್ರಕಾರ ಜೋಡಿಸಿ

ಮೊದಲಿಗೆ 1ರಿಂದ 20. ಇವು ಹೆಚ್ಚಾಗಿ ತಾರೀಖಿಲ್ಲದ ಕವಿತೆಗಳು, ನಡುನಡುವೆ ಪ್ರವಾದಿಯ ಗೋಳು (11, 15, 17, 18, 20). 7ನೇ ಅಧ್ಯಾಯ ಓದಿದ ತಕ್ಷಣ 26 ಓದಿ: ಒಂದೇ ದೇವಾಲಯದ ಉಪದೇಶ, ಏಳರಲ್ಲಿ ಮಾತು, ಇಪ್ಪತ್ತಾರರಲ್ಲಿ ಅದರಿಂದ ಎದ್ದ ಕೊಲೆಯ ಬೆದರಿಕೆ.

ಆಮೇಲೆ ಯೆಹೋಯಾಕೀಮನ ಕಾಲ: 22, 25, 35, 36, 45, 46. ಇವುಗಳಲ್ಲಿ 25, 36, 45, 46 ನಾಲ್ಕಕ್ಕೂ ಒಂದೇ ವರ್ಷ, 605. ಕರ್ಕೆಮೀಷ್ ಕದನ ಆದ ವರ್ಷದಲ್ಲೇ ಪ್ರವಾದಿ ತನ್ನ ಮಾತುಗಳನ್ನು ಬರಹಗಾರ ಬಾರೂಕನಿಂದ ಸುರುಳಿಯಲ್ಲಿ ಬರೆಸಿದ್ದು ಏಕೆಂದು ಆಗ ತಿಳಿಯುತ್ತದೆ.

ನಂತರ ಚಿದ್ಕೀಯನ ಕಾಲ: 24, 27, 28, 29, ಆಮೇಲೆ ಮುತ್ತಿಗೆಯ ದಿನಗಳ 21, 34, 37, 38, 32, 33. ಇಲ್ಲಿ ಒಂದು ಎಡವು ಕಲ್ಲಿದೆ. 27:1ರಲ್ಲಿ ಕೆಲವು ಬೈಬಲ್‌ಗಳು ಯೆಹೋಯಾಕೀಮನ ಹೆಸರು ಮುದ್ರಿಸುತ್ತವೆ, ಹೆಚ್ಚಿನ ಹೀಬ್ರೂ ಪ್ರತಿಗಳಲ್ಲಿ ಹಾಗೆಯೇ ಇದೆ. ಆದರೆ ಅದೇ ಅಧ್ಯಾಯದ 3 ಮತ್ತು 12ನೇ ವಚನಗಳು ಚಿದ್ಕೀಯನೇ ಅರಸ ಎನ್ನುತ್ತವೆ. ಒಳಗಿನ ಸಾಕ್ಷಿಯನ್ನೇ ನಂಬಿ.

ಕೊನೆಗೆ 39ರಿಂದ 44, ಪತನದ ನಂತರದ ಕಥೆ. 30 ಮತ್ತು 31, ಸಾಂತ್ವನದ ಅಧ್ಯಾಯಗಳು, ಇವುಗಳ ಬಳಿಕವೇ ಬರಲಿ. 46ರಿಂದ 51ರ ಪರರಾಷ್ಟ್ರಗಳ ಮಾತುಗಳನ್ನು ಬೇಗ ಓದಿ ಮುಂದೆ ಹೋಗಬಹುದು.

ಯೆರೆಮೀಯನ ಗ್ರೀಕ್ ಪಾಠ ಹೀಬ್ರೂ ಪಾಠಕ್ಕಿಂತ ಏಳೆಂಟರಲ್ಲಿ ಒಂದು ಪಾಲಿನಷ್ಟು ಚಿಕ್ಕದು, ಪರರಾಷ್ಟ್ರಗಳ ಮಾತುಗಳು ಅದರಲ್ಲಿ 25ನೇ ಅಧ್ಯಾಯದ ನಡುವೆಯೇ ಬರುತ್ತವೆ. ಮೃತ ಸಮುದ್ರದ ಬಳಿ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಹೀಬ್ರೂ ತುಣುಕುಗಳಲ್ಲಿ ಈ ಎರಡೂ ರೂಪಗಳ ಗುರುತು ಇವೆ. ಸುರುಳಿ ಸುಟ್ಟಾಗ ಮತ್ತೆ ಬರೆಸಿ, ಅದಕ್ಕೆ ಇನ್ನೂ ಅನೇಕ ಮಾತು ಸೇರಿಸಿದರು ಎಂದು 36:32 ತಾನೇ ಹೇಳುತ್ತದಲ್ಲ! ಗ್ರಂಥ ಬೆಳೆದದ್ದನ್ನು ಗ್ರಂಥವೇ ಮುಚ್ಚಿಡುವುದಿಲ್ಲ. ಇದರಿಂದ ನಂಬಿಕೆ ಅಲುಗಾಡಬೇಕಾಗಿಲ್ಲ.

29:11ರ ಬಗ್ಗೆ ಎರಡು ಮಾತು. ಕ್ಯಾಲೆಂಡರ್‌ಗಳಲ್ಲಿ, ಹೊಸ ವರ್ಷದ ವಾಗ್ದಾನ ಚೀಟಿಗಳಲ್ಲಿ ಇದರಷ್ಟು ಅಚ್ಚಾಗುವ ವಚನಗಳು ಕಡಿಮೆ. ಅದರ ಮುಂಚಿನ ವಚನವನ್ನು ಮಾತ್ರ ಬಿಟ್ಟುಬಿಡುತ್ತಾರೆ: ಎಪ್ಪತ್ತು ವರ್ಷ ತುಂಬಿದ ಮೇಲೆ. ಪತ್ರ ಕೇಳಿಸಿಕೊಂಡ ನಡುವಯಸ್ಸಿನವನು ಊರಿಗೆ ಮರಳಿ ಬರಲಾರ. ಮನೆ ಕಟ್ಟು, ತೋಟ ಮಾಡು, ಮಕ್ಕಳಿಗೆ ಮದುವೆ ಮಾಡು, ನಿನ್ನನ್ನು ಸೆರೆ ಹಿಡಿದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸು ಎಂದೇ ಅವನಿಗೆ ಸಿಕ್ಕ ಅಪ್ಪಣೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹಿತವಾಗಿ ನುಡಿದವನು ಹನನ್ಯ, ಮತ್ತು ಅವನು ಸುಳ್ಳು ಪ್ರವಾದಿ (28ನೇ ಅಧ್ಯಾಯ). 29:11ನ್ನು ಈ ವರ್ಷದ ಕೆಲಸಕ್ಕೋ ವೀಸಾಕ್ಕೋ ಕೊಟ್ಟ ಮಾತೆಂದು ಓದುವವರು ಗೊತ್ತಿಲ್ಲದೆಯೇ ಯೆರೆಮೀಯನ ಬಾಯಲ್ಲಿ ಹನನ್ಯನ ಮಾತನ್ನು ಇಡುತ್ತಾರೆ.

ಎಪ್ಪತ್ತರ ಲೆಕ್ಕಕ್ಕೂ ಹಟ ಬೇಡ. 609ರಿಂದ 539ಕ್ಕೆ ಎಪ್ಪತ್ತು, ಬಾಬೆಲಿನ ದೊರೆತನದ ಅವಧಿ. 586ರಿಂದ ದೇವಾಲಯ ಮತ್ತೆ ಮುಗಿದ 516ಕ್ಕೂ ಎಪ್ಪತ್ತು. ಪೂರ್ವಕಾಲವೃತ್ತಾಂತ ಅದನ್ನು ಭೂಮಿಯ ಸಬ್ಬತ್ ವಿಶ್ರಾಂತಿ ಎಂದು ಓದುತ್ತದೆ, ದಾನಿಯೇಲ 9 ಅದನ್ನೇ ಹಿಗ್ಗಿಸುತ್ತದೆ. ಒಂದು ಸಂಖ್ಯೆಯನ್ನು ಬೈಬಲ್ಲೇ ಹಲವು ಬಗೆಯಲ್ಲಿ ಓದಿದೆ ಎಂದು ಗುರುತು ಹಾಕಿಕೊಂಡು ಮುಂದೆ ಸಾಗಿ.

ಮೂರನೇ ಹೆಜ್ಜೆ: ಯೆಹೆಜ್ಕೇಲನ ತಾರೀಖುಗಳು

ಯೆಹೆಜ್ಕೇಲನ ಓದುಗರಿಗೆ ಒಂದು ದೊಡ್ಡ ಅನುಕೂಲವಿದೆ: ತಾರೀಖು ಹಾಕಿ ಮಾತಾಡಿದ ಪ್ರವಾದಿ ಆತ. 1, 8, 20, 24, 26, 29 (ಎರಡು), 30, 31, 32 (ಎರಡು), 33, 40ನೇ ಅಧ್ಯಾಯಗಳಲ್ಲಿ ಒಟ್ಟು 13 ತಾರೀಖುಗಳಿವೆ. ಎಲ್ಲವನ್ನೂ ಯೆಹೋಯಾಖೀನ ಸೆರೆಯಾದ ವರ್ಷದಿಂದ ಎಣಿಸಲಾಗಿದೆ. ಅವನ್ನೆಲ್ಲ ಕಾಲರೇಖೆಯ ಮೇಲೆ ಇಳಿಸಿ. ಎರಡು ವಿಷಯ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು, 24:1ರ ತಾರೀಖು (ಒಂಬತ್ತನೇ ವರ್ಷ, ಹತ್ತನೇ ತಿಂಗಳು, ಹತ್ತನೇ ದಿನ) ಮತ್ತು ಯೆರೆಮೀಯ 52:4ರದು ಒಂದೇ ಬರಹ: ಯೆರೂಸಲೇಮಿಗೆ ಮುತ್ತಿಗೆ ಬಿದ್ದ ದಿನ. ಅಂದೇ ದೂರದ ಬಾಬೆಲಿನಲ್ಲಿ ಪ್ರವಾದಿಗೆ ಈ ದಿನವನ್ನು ಬರೆದಿಡು ಎಂದು ಅಪ್ಪಣೆಯಾಗುತ್ತದೆ. ಊರಿಂದ ಓಡಿಬಂದವನು ನಗರ ಬಿದ್ದ ಸುದ್ದಿ ತರುವುದು 33:21ರಲ್ಲಿ, ತಿಂಗಳುಗಳ ನಂತರ. ಎಜ್ರನಿಗೆ ಬಾಬೆಲಿನಿಂದ ಯೆರೂಸಲೇಮಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಮರುಭೂಮಿಯನ್ನು ಸುತ್ತಿ ಯೂಫ್ರೆಟಿಸ್ ದಂಡೆ ಹಿಡಿದು ಹೋಗಬೇಕಾದ ದಾರಿ ಅದು, ನಕ್ಷೆಯ ಮೇಲೆ ಬೆರಳಿಟ್ಟು ನೋಡಿ.

ಎರಡನೆಯದು ವಯಸ್ಸು. 1:1ರ ಮೂವತ್ತನೇ ವರ್ಷ ಪ್ರವಾದಿಯ ಪ್ರಾಯವೆಂದು ಅನೇಕರು ತಿಳಿಯುತ್ತಾರೆ. ಅರಣ್ಯಕಾಂಡ 4:3ರ ಪ್ರಕಾರ ಪವಿತ್ರಸ್ಥಾನದ ಸೇವೆ ಮೂವತ್ತರಿಂದ ಐವತ್ತರವರೆಗೆ. ಯೆಹೆಜ್ಕೇಲ ಯಾಜಕರ ಮನೆತನದವನು. ಸೇವೆಗೆ ಇಳಿಯಬೇಕಾದ ವರ್ಷ ದೇವಾಲಯದಿಂದ ದೂರ ಕಾಲುವೆ ದಂಡೆಯಲ್ಲಿದ್ದಾನೆ, ಅಲ್ಲಿಗೇ ದರ್ಶನ ಬರುತ್ತದೆ. 40:1ರ ಹೊಸ ದೇವಾಲಯದ ದರ್ಶನಕ್ಕೆ ಇಪ್ಪತ್ತು ವರ್ಷ ಕಳೆದಿರುತ್ತದೆ, ಅಂದರೆ ಸೇವೆ ಮುಗಿಯಬೇಕಾಗಿದ್ದ ವಯಸ್ಸು.

ಮೊದಲ ಅಧ್ಯಾಯದಲ್ಲಿ ಹೆಚ್ಚಿನವರು ನಾಲ್ಕು ಮುಖಗಳ ಹತ್ತಿರ ನಿಂತುಬಿಡುತ್ತಾರೆ. ಮನುಷ್ಯ, ಸಿಂಹ, ಎತ್ತು, ಹದ್ದುಗಳನ್ನು ನಾಲ್ಕು ಸುವಾರ್ತೆಗಳಿಗೆ ಹೊಂದಿಸುವ ಪದ್ಧತಿ ಹಳೆಯದು, ಕ್ರಿಸ್ತಶಕ ಎರಡನೇ ಶತಮಾನದ ಸಭಾಪಿತೃ ಐರೇನಿಯಸನಷ್ಟು ಹಳೆಯದು. ಅದು ಚೆಂದವೇ, ಆದರೆ ಕೆಬಾರ್ ದಂಡೆಯಲ್ಲಿ ಕೂತವನಿಗೆ ಮುಖ್ಯವಾದದ್ದು ಚಕ್ರಗಳು. ಸಿಂಹಾಸನಕ್ಕೆ ಚಕ್ರ ಇದೆ! ದೇವರು ಯೆರೂಸಲೇಮಿನಲ್ಲಿ ಸಿಕ್ಕಿಕೊಂಡಿಲ್ಲ, ಸೆರೆಯಾದವರ ಊರಿಗೂ ಬರಬಲ್ಲ. ಪೆನ್ಸಿಲ್ ತೆಗೆದುಕೊಂಡು ದೇವರ ಮಹಿಮೆ ಚಲಿಸುವ ಜಾಗಗಳನ್ನೆಲ್ಲ ಗುರುತಿಸಿ: 9:3ರಲ್ಲಿ ಹೊಸ್ತಿಲಿಗೆ, 10:18-19ರಲ್ಲಿ ಪೂರ್ವ ಬಾಗಿಲಿಗೆ, 11:23ರಲ್ಲಿ ನಗರದ ಪೂರ್ವದ ಬೆಟ್ಟಕ್ಕೆ. 43:1-5ರಲ್ಲಿ ಅದೇ ಪೂರ್ವದಿಂದ ಹಿಂದಿರುಗುತ್ತದೆ. ಗ್ರಂಥದ ಕಡೇ ಮಾತು ನಗರಕ್ಕೆ ಇಡುವ ಹೆಸರು: ಯೆಹೋವನು ಅಲ್ಲಿದ್ದಾನೆ. ಕಥೋಲಿಕ ಓದುಗರ ಬೈಬಲಿನಲ್ಲಿ ಸರ್ವೇಶ್ವರ ಎಂದಿರುತ್ತದೆ. ಇಡೀ ಗ್ರಂಥದ ಎಲುಬು ಇದೇ. ಇದನ್ನು ಹಿಡಿದವನು ಯೋಹಾನ 1:14ಕ್ಕೂ 2:21ಕ್ಕೂ ಬಂದಾಗ, ಅಲ್ಲಿ ಮಹಿಮೆ ಮತ್ತು ದೇವಾಲಯ ಏಕೆ ಕ್ರಿಸ್ತನ ಶರೀರದಲ್ಲಿ ಕೂಡುತ್ತವೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

4ನೇ ಅಧ್ಯಾಯದ ಅಭಿನಯವನ್ನು ಅಳತೆ ಸಮೇತ ಓದಿ. ಎಡ ಮಗ್ಗುಲಲ್ಲಿ 390 ದಿನ, ಬಲದಲ್ಲಿ 40 ದಿನ (ಗ್ರೀಕ್ ಪಾಠದಲ್ಲಿ 390ರ ಬದಲು 190). ಆಹಾರ ದಿನಕ್ಕೆ 20 ಶೆಕೆಲ್. ಶೆಕೆಲ್ ಸುಮಾರು 11.4 ಗ್ರಾಂ, ನಮ್ಮ ತೊಲಕ್ಕೆ ಹತ್ತಿರ. ಅಂದರೆ ಕಾಲು ಕಿಲೋಗೂ ಕಡಿಮೆ ರೊಟ್ಟಿ. ನೀರು ಹಿನ್ನಿನ ಆರನೇ ಒಂದು ಪಾಲು, ಸುಮಾರು 600 ಮಿಲಿಲೀಟರ್. ಗೋದಿ, ಜವೆ, ಅವರೆ, ಅಲಸಂದೆಯಂಥ ಕಾಳುಗಳನ್ನೆಲ್ಲ ಬೆರೆಸುವುದು ಆರೋಗ್ಯಕ್ಕಲ್ಲ, ಮುತ್ತಿಗೆಯ ಊರಲ್ಲಿ ಯಾವ ಒಂದು ಧಾನ್ಯವೂ ಸಾಕಷ್ಟು ಇರುವುದಿಲ್ಲ ಎಂಬುದಕ್ಕೆ. ಈ ವಚನದ ಹೆಸರಿನಲ್ಲಿ ಆರೋಗ್ಯದ ರೊಟ್ಟಿ ಮಾರುವವರಿದ್ದಾರೆ. ಪ್ರವಾದಿ ತೋರಿಸಿದ್ದು ಬರದ ಊಟ.

16 ಮತ್ತು 23ನೇ ಅಧ್ಯಾಯಗಳಿಗೆ ಮುಂಚಿತವಾಗಿ ತಯಾರಿ ಬೇಕು. ಯೆರೂಸಲೇಮನ್ನೂ ಸಮಾರ್ಯವನ್ನೂ ವ್ಯಭಿಚಾರಿಣಿಯರಾಗಿ ಚಿತ್ರಿಸಿ, ಅವರ ಮೇಲೆ ಬೀಳುವ ಹಿಂಸೆಯನ್ನು ಬಿಡಿಸಿ ಹೇಳುವ ಅಧ್ಯಾಯಗಳಿವು. 16ನ್ನು ಸಭಾಮಂದಿರದಲ್ಲಿ ಓದಬಾರದೆಂದ ಯೆಹೂದಿ ರಬ್ಬಿಯ ಮಾತು ಅವರ ಹಳೆಯ ನಿಯಮ ಸಂಗ್ರಹವಾದ ಮಿಷ್ನಾದಲ್ಲೇ ದಾಖಲಾಗಿದೆ. ಗುಂಪಿನಲ್ಲಿ ಮಕ್ಕಳಿದ್ದರೆ ಜೋರಾಗಿ ಓದಬೇಡಿ, ದೊಡ್ಡವರಿಗೂ ಒಂದು ವಾರ ಮೊದಲೇ ತಿಳಿಸಿ. ಇಲ್ಲಿ ಆರೋಪಿಗಳು ನಗರಗಳು, ಅಂದರೆ ಅವುಗಳ ಆಳುವ ಗಂಡಸರು, ಹೆಂಗಸರಲ್ಲ. ಗಂಡ ಹೆಂಡತಿಯನ್ನು ಹೀಗೆ ದಂಡಿಸಬಹುದು ಎಂಬುದಕ್ಕೆ ಇವು ಎಂದಿಗೂ ಆಧಾರವಾಗಲಾರವು. ಇದನ್ನು ಗುಂಪಿನ ಮುಂದಾಳು ಬಾಯಿಬಿಟ್ಟು ಹೇಳಲೇಬೇಕು, ಏಕೆಂದರೆ ಹೇಳದಿದ್ದರೆ ಯಾರೋ ಒಬ್ಬಳು ಅದನ್ನು ಹಾಗೆಯೇ ಕೇಳಿಸಿಕೊಂಡು ಮನೆಗೆ ಹೋಗುತ್ತಾಳೆ.

26 ಮತ್ತು 29:17-20ನ್ನು ಒಟ್ಟಿಗೆ ಓದಿ. ತೂರ್ ಪಟ್ಟಣವನ್ನು ನೆಬೂಕದ್ನೆಚ್ಚರ ಸೂರೆಗೊಳ್ಳುವನೆಂದು ಮೊದಲನೆಯದು. ಅವನ ಸೈನ್ಯಕ್ಕೆ ತೂರಿನಿಂದ ಕೂಲಿಯೂ ಗಿಟ್ಟಲಿಲ್ಲವೆಂದು 571ರ ತಾರೀಖಿನ ಎರಡನೆಯದು. ಎರಡನ್ನೂ ಅಳಿಸದೆ ಉಳಿಸಿಕೊಂಡ ಪ್ರಾಮಾಣಿಕತೆಯನ್ನು ಗಮನಿಸಿ. ಪ್ರವಾದನೆ ಎಂದರೆ ಮುಂಗಡ ಬರೆದ ದಿನಪತ್ರಿಕೆ ಎಂದುಕೊಂಡವರಿಗೆ ಇದು ಬೇಕಾದ ಪಾಠ. 38-39ರಲ್ಲಿ ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುವ ಗೋಗನನ್ನು ಇಂದಿನ ಯಾವುದಾದರೂ ದೇಶದ ಜೊತೆ ಜೋಡಿಸುವ ಪುಸ್ತಕಗಳನ್ನು ಬದಿಗಿಡಲು ಕೂಡ.

40ರಿಂದ 48ಕ್ಕೆ ಒಂದು ಚೌಕುಳಿ ಹಾಳೆ ಸಾಕು. 40:5ರ ಮೊಳ ದೊಡ್ಡ ಮೊಳ, ಸುಮಾರು 52 ಸೆಂಟಿಮೀಟರ್. ಆರು ಮೊಳದ ಅಳತೆಗೋಲು ಮೂರು ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹೊರಗೋಡೆ 500 ಮೊಳದ ಚೌಕ. ನೂರು ಮೊಳಕ್ಕೆ ನಾಲ್ಕು ಚೌಕುಳಿ ಎಂದಿಟ್ಟುಕೊಂಡು ಬಿಡಿಸಿ. ಬಿಡಿಸಿದವರಿಗೆ ಇಲ್ಲದ್ದೂ ಕಾಣುತ್ತದೆ: ಒಡಂಬಡಿಕೆಯ ಮಂಜೂಷದ ಸುದ್ದಿಯೇ ಇಲ್ಲ. ಹಾಗೆಯೇ 47ರ ಹೊಳೆ: ಸಾವಿರ ಮೊಳಕ್ಕೊಮ್ಮೆ ಅಳೆದಾಗ ಹರಡು, ಮೊಣಕಾಲು, ಸೊಂಟ, ನಾಲ್ಕನೆಯದಕ್ಕೆ ಈಜಬೇಕಾದಷ್ಟು ಆಳ. ಪ್ರಕಟನೆ 22:1-2ಕ್ಕೆ ಈ ನೀರೇ ಹರಿದುಬರುತ್ತದೆ, ಆದರೆ 21:22 ಆ ನಗರದಲ್ಲಿ ದೇವಾಲಯ ಕಾಣಲಿಲ್ಲ ಎನ್ನುತ್ತದೆ. ಈ ಅಂತರವನ್ನು ಗುಂಪಿನಲ್ಲಿ ಬಿಡುವಾಗಿ ಚರ್ಚಿಸಿ.

ನಾಲ್ಕನೇ ಹೆಜ್ಜೆ: ಪತನದ ವಾರ

ಇದಕ್ಕೆ ಒಂದು ಇಡೀ ವಾರ ಕೊಡಿ, ಯೆಹೆಜ್ಕೇಲ 24ಕ್ಕೂ 33ಕ್ಕೂ ನಡುವೆ. ಯೆರೆಮೀಯ 39 ಮತ್ತು 52, ಓಬದ್ಯ, ಕೀರ್ತನೆ 137, ಆಮೇಲೆ ಪ್ರಲಾಪಗಳು. ಪ್ರಲಾಪಗಳಲ್ಲಿ ಐದು ಕವಿತೆ. ಮೊದಲ ನಾಲ್ಕು ಹೀಬ್ರೂವಿನ 22 ಅಕ್ಷರಗಳ ವರ್ಣಮಾಲೆಯ ಕ್ರಮ ಹಿಡಿಯುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಐದನೆಯದಕ್ಕೆ 22 ವಚನಗಳಿದ್ದರೂ ಅಕ್ಷರಕ್ರಮ ಇಲ್ಲ, ಅಳುವವನಿಗೆ ಕ್ರಮವೂ ಕೈಬಿಟ್ಟು ಹೋದಂತೆ. 3:22-23ರ ಕರುಣೆಯ ವಚನಗಳನ್ನು ಮಾತ್ರ ಹಾಡಿ ಉಳಿದದ್ದನ್ನು ಬಿಡುವ ಅಭ್ಯಾಸ ನಮ್ಮಲ್ಲಿದೆ. ಐದನ್ನೂ ಒಂದೇ ಸಲ ಜೋರಾಗಿ ಓದಲು ಅರ್ಧ ಗಂಟೆ ಸಾಕು. ಓದಿದ ಮೇಲೆ ವಿವರಣೆ ಬೇಡ.

ಯೆಹೂದ್ಯರು ಇಂದಿಗೂ ಆವ್ ತಿಂಗಳ ಒಂಬತ್ತರಂದು, ಜುಲೈ ಅಥವಾ ಆಗಸ್ಟಿನಲ್ಲಿ, ಉಪವಾಸವಿದ್ದು ಈ ಪುಸ್ತಕ ಓದುತ್ತಾರೆ. ಅದರ ಮುಂದಿನ ಸಬ್ಬತ್ತಿಗೆ ಯೆಶಾಯ 40. ಈ ಗ್ರಂಥಗಳು ಇನ್ನೊಂದು ಜೀವಂತ ಸಮುದಾಯದ ಪ್ರಾರ್ಥನೆಯಲ್ಲಿವೆ ಎಂಬ ನೆನಪಿದ್ದರೆ, ಪ್ರವಾದಿಗಳ ಬೈಗುಳವನ್ನೆಲ್ಲ ಯೆಹೂದ್ಯರಿಗೂ ವಾಗ್ದಾನವನ್ನೆಲ್ಲ ಸಭೆಗೂ ಹಂಚುವ ಕೆಟ್ಟ ಚಾಳಿ ತಪ್ಪುತ್ತದೆ. ಹೊಸ ಒಡಂಬಡಿಕೆಯ ಮಾತು ಕೂಡ (ಯೆರೆಮೀಯ 31:31) ಇಸ್ರಾಯೇಲ್ ವಂಶಕ್ಕೂ ಯೆಹೂದ ವಂಶಕ್ಕೂ ಕೊಟ್ಟದ್ದು. ಅನ್ಯಜನರು ಅದರೊಳಕ್ಕೆ ಕಸಿಕಟ್ಟಿಸಿಕೊಂಡವರು ಎಂದು ಪೌಲ ರೋಮಾಪುರದವರಿಗೆ ಬರೆಯುತ್ತಾನೆ.

ಐದನೇ ಹೆಜ್ಜೆ: ಯೆಶಾಯ 40-55

ಇದನ್ನು ಬರೆದದ್ದು ಕ್ರಿಸ್ತಪೂರ್ವ ಎಂಟನೇ ಶತಮಾನದ ಯೆಶಾಯನೇ, ಸೆರೆವಾಸದ ಕಾಲದ ಇನ್ನೊಬ್ಬ ಪ್ರವಾದಿಯೇ ಎಂಬ ವಾದ ಬಂದೇ ಬರುತ್ತದೆ. ಇಂದಿನ ಹೆಚ್ಚಿನ ವಿದ್ವಾಂಸರು ಎರಡನೆಯದನ್ನು ಒಪ್ಪುತ್ತಾರೆ, ಸಂಪ್ರದಾಯ ಮೊದಲನೆಯದನ್ನು. ಕುಮ್ರಾನಿನಲ್ಲಿ ಸಿಕ್ಕ, 7 ಮೀಟರಿಗೂ ಉದ್ದದ ಯೆಶಾಯ ಸುರುಳಿಯಲ್ಲಿ 66 ಅಧ್ಯಾಯಗಳೂ ಒಂದೇ ಗ್ರಂಥವಾಗಿವೆ, 40ನೆಯದು ಒಂದು ಅಂಕಣದ ಕಡೇ ಸಾಲಿನಲ್ಲಿ ಶುರುವಾಗುತ್ತದೆ. ಅದು ಕರ್ತೃವಿನ ಪ್ರಶ್ನೆಯನ್ನು ತೀರಿಸುವುದಿಲ್ಲ, ಆ ಕಾಲದವರು ಹೇಗೆ ಓದಿದರೆಂದು ಮಾತ್ರ ತಿಳಿಸುತ್ತದೆ. ಎರಡೂ ಪಕ್ಷದವರು ಒಪ್ಪುವ ಸಂಗತಿ, ಈ ಮಾತು ಬಾಬೆಲಿನಲ್ಲಿ ಬಳಲಿದವರನ್ನು ಉದ್ದೇಶಿಸಿದ್ದು. ಅಲ್ಲಿಂದ ಆರಂಭಿಸಿ, ಸಂಜೆಯನ್ನು ವಾದಕ್ಕೆ ಕೊಡಬೇಡಿ.

44:28 ಮತ್ತು 45:1ರಲ್ಲಿ ಕೋರೆಷನ ಹೆಸರಿದೆ, ಅಭಿಷಿಕ್ತ ಎಂಬ ಬಿರುದಿನ ಸಮೇತ. 1879ರಲ್ಲಿ ಬಾಬೆಲಿನಲ್ಲಿ ಸಿಕ್ಕ ಕೋರೆಷನ ಜೇಡಿಮಣ್ಣಿನ ಉರುಳೆ 2013ರಲ್ಲಿ ಮುಂಬೈಯ ವಸ್ತುಸಂಗ್ರಹಾಲಯಕ್ಕೂ ಪ್ರದರ್ಶನಕ್ಕೆ ಬಂದಿತ್ತು. ಅದು ತನ್ನ ಗೆಲುವಿನ ಕೀರ್ತಿಯನ್ನು ಮರ್ದೂಕ ದೇವರಿಗೆ ಕೊಡುತ್ತದೆ. ಯೆಹೂದದ ಹೆಸರು ಅದರಲ್ಲಿಲ್ಲ. ಉರುಳೆ ಬೈಬಲನ್ನು ಸಾಬೀತು ಮಾಡಿತು ಎಂಬ ಭಾಷಣಗಳನ್ನು ನಂಬಬೇಡಿ. ನೀನು ನನ್ನನ್ನು ಅರಿಯದಿದ್ದರೂ ನಾನು ನಿನ್ನನ್ನು ಕರೆದೆ ಎಂಬ ಅರ್ಥದ 45:4ರ ಎದುರು ಅದನ್ನು ಇಟ್ಟು ನೋಡಿದರೆ ಸಾಕು.

44 ಮತ್ತು 46ರ ವಿಗ್ರಹಗಳ ಕುರಿತ ಮಾತನ್ನು ಕರ್ನಾಟಕದಲ್ಲಿ ಓದುವಾಗ ಹೆಚ್ಚಿನ ಎಚ್ಚರ ಬೇಕು. ಅದು ಗೆದ್ದ ಸಾಮ್ರಾಜ್ಯದ ದೇವರುಗಳೇ ನಿಜ ಎಂದು ಎದೆಗುಂದಿದ, ನೆಲ ಕಳೆದುಕೊಂಡ ಜನಕ್ಕೆ ಹೇಳಿದ ಧೈರ್ಯದ ಮಾತು. ಬಾಬೆಲಿನ ದೇವರುಗಳಾದ ಬೇಲ್ ಮತ್ತು ನೆಬೋ ದನಗಳ ಬೆನ್ನಿಗೆ ಹೊರೆ. ಇಸ್ರಾಯೇಲಿನ ದೇವರಾದರೋ ಮುಪ್ಪಿನವರೆಗೂ ತಾನೇ ಜನರನ್ನು ಹೊರುತ್ತಾನೆ (46:1-4). ಹೊರಿಸಿಕೊಳ್ಳುವ ದೇವರು, ಹೊರುವ ದೇವರು: ತಿರುಳು ಅಲ್ಲಿದೆ. ಅದನ್ನು ಎತ್ತಿಕೊಂಡು ನೆರೆಮನೆಯವರ ಪೂಜೆಯನ್ನು ಹಂಗಿಸಲು ಬಳಸುವುದು ಸೆರೆಯವರ ಮಾತನ್ನು ಕದ್ದು ಬೇರೆ ಕೆಲಸಕ್ಕೆ ಹಚ್ಚಿದಂತೆ.

ಸೇವಕನ ಹಾಡುಗಳಿಗೆ (42:1-4, 49:1-6, 50:4-9, 52:13-53:12) ಎರಡು ಬಣ್ಣ ಬಳಸಿ. ಸೇವಕ ಎಂದರೆ ಇಸ್ರಾಯೇಲ್ ಎಂದು ಪಾಠವೇ ಹೇಳುವಲ್ಲಿ ಒಂದು ಬಣ್ಣ (41:8, 44:1, 49:3), ಇಸ್ರಾಯೇಲಿಗಾಗಿ ದುಡಿಯುವ ಬೇರೊಬ್ಬ ಎಂದು ಕಾಣುವಲ್ಲಿ ಇನ್ನೊಂದು (49:5-6, 53:8). ಎರಡು ಬಣ್ಣ ಅಕ್ಕಪಕ್ಕ ಬಂದಾಗ ಆ ಬಿಗಿ ಗೊತ್ತಾಗುತ್ತದೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪಿಯದ ಅಧಿಕಾರಿ ಕೇಳಿದ ಪ್ರಶ್ನೆಯೇ ಇದು: ಪ್ರವಾದಿ ತನ್ನ ವಿಷಯ ಹೇಳಿದನೋ ಬೇರೊಬ್ಬನ ವಿಷಯವೋ? ಫಿಲಿಪ್ಪ ಅಲ್ಲಿಂದ ಹಿಡಿದು ಯೇಸುವಿನ ಸುವಾರ್ತೆ ಸಾರಿದ. ನಾವೂ ಪ್ರಶ್ನೆಯನ್ನು ದಾಟದೆ ಉತ್ತರಕ್ಕೆ ಹೋಗಬಾರದು. ಇನ್ನೂ ಒಂದು ಗಮನಿಸಿ: 49:6ರ ಅನ್ಯಜನಾಂಗಗಳಿಗೆ ಬೆಳಕು ಎಂಬ ಮಾತನ್ನು ಪೌಲ ಬಾರ್ನಬರು ತಮಗೆ ಬಂದ ಅಪ್ಪಣೆಯಾಗಿ ಓದುತ್ತಾರೆ (ಕೃತ್ಯಗಳು 13:47). ಸೇವಕನ ಕೆಲಸ ಕ್ರಿಸ್ತನಲ್ಲಿ ಮುಗಿದು ನಿಲ್ಲುವುದಿಲ್ಲ, ಅವನವರ ಹೆಗಲಿಗೂ ಬರುತ್ತದೆ.

ಆರನೇ ಹೆಜ್ಜೆ: ದಾನಿಯೇಲ, ಆಮೇಲೆ ಹೊಸ ಒಡಂಬಡಿಕೆ

ದಾನಿಯೇಲನನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಹೀಬ್ರೂ ಬೈಬಲ್ ಅದನ್ನು ಪ್ರವಾದಿಗಳ ಸಾಲಿನಲ್ಲಿ ಇಡುವುದಿಲ್ಲ, ಬರಹಗಳ ಗುಂಪಿನಲ್ಲಿ ಇಡುತ್ತದೆ. 2:4ರಿಂದ 7ರ ಕೊನೆಯವರೆಗೆ ಭಾಷೆಯೂ ಅರಾಮಿಕ್. ಕಥೆ ಬಾಬೆಲಿನದು, ಗ್ರಂಥ ಈಗಿನ ರೂಪಕ್ಕೆ ಬಂದದ್ದು ಗ್ರೀಕ್ ಅರಸ ಅಂತಿಯೋಕ ಎಪಿಫನೇಸನ ಹಿಂಸೆಯ ಕಾಲದಲ್ಲಿ, ಕ್ರಿಸ್ತಪೂರ್ವ 167ರಿಂದ 164ರ ಸುಮಾರಿನಲ್ಲಿ, ಎಂದು ಹೆಚ್ಚಿನ ವಿದ್ವಾಂಸರ ಮತ, ಸಂಪ್ರದಾಯ ಅದನ್ನು ಆರನೇ ಶತಮಾನಕ್ಕೇ ಇಡುತ್ತದೆ. 1ರಿಂದ 6ನ್ನು ಒಂದು ವಾರ, 7ರಿಂದ 12ನ್ನು ಇನ್ನೊಂದು ವಾರ ಓದಿ. 7:13ನ್ನು ಮಾರ್ಕ 14:62ರ ಜೊತೆ ಇಟ್ಟು ಓದುವುದನ್ನು ಮರೆಯಬೇಡಿ.

ಕಡೇ ಎರಡು ವಾರಕ್ಕೆ ಜೋಡಿಗಳು: ಯೆರೆಮೀಯ 31:31-34ಕ್ಕೆ ಲೂಕ 22:20 ಮತ್ತು ಇಬ್ರಿಯರಿಗೆ 8 (ಹೊಸ ಒಡಂಬಡಿಕೆಯಲ್ಲಿ ಎತ್ತಿಕೊಂಡ ಅತ್ಯಂತ ಉದ್ದದ ಹಳೆಯ ವಾಕ್ಯ ಇದೇ), ಯೆಹೆಜ್ಕೇಲ 34ಕ್ಕೆ ಯೋಹಾನ 10, ಯೆಹೆಜ್ಕೇಲ 36:25-27ಕ್ಕೆ ಯೋಹಾನ 3, ಯೆಶಾಯ 53ಕ್ಕೆ 1 ಪೇತ್ರ 2:22-25. ಪ್ರತಿ ಜೋಡಿಗೂ ಇದೇ ಕ್ರಮ: ಮೊದಲು ಪ್ರವಾದಿಯ ಇಸವಿ ಮತ್ತು ಕೇಳುಗರು, ನಂತರ ಅವನು ತೋರಾದಿಂದ, ಅಂದರೆ ಬೈಬಲಿನ ಮೊದಲ ಐದು ಗ್ರಂಥಗಳಿಂದ, ಏನು ತೆಗೆದುಕೊಂಡ (ಯಾಜಕಕಾಂಡ 26 ಮತ್ತು ಧರ್ಮೋಪದೇಶಕಾಂಡ 28ನ್ನು ಹತ್ತಿರ ಇಟ್ಟುಕೊಳ್ಳಿ), ಕೊನೆಗೆ ಸುವಾರ್ತೆ ಅದಕ್ಕೆ ಏನು ಸೇರಿಸಿತು. ಯೋಹಾನ 3ರಲ್ಲಿ ನೀರು ಮತ್ತು ಆತ್ಮದ ಮಾತು ಅರ್ಥವಾಗದ ನಿಕೊದೇಮನನ್ನು ಯೇಸು ಇಸ್ರಾಯೇಲಿನ ಬೋಧಕನಾಗಿದ್ದೂ ತಿಳಿಯದೆ ಎಂದು ಕೇಳುವುದು ಏಕೆ? ಯೆಹೆಜ್ಕೇಲನನ್ನು ಓದಿದವನಿಗೆ ಅದು ತಿಳಿದಿರಬೇಕಿತ್ತು.

ಗುಂಪಿಗೆ ವಾರಕ್ಕೆ ಒಂದು ಗಂಟೆಯ ಬೈಠಕ್ ಸಾಕು: ಹದಿನೈದು ನಿಮಿಷ ಜೋರಾದ ಓದು, ಹದಿನೈದು ಕಾಲರೇಖೆ ಮತ್ತು ನಕ್ಷೆ, ಇಪ್ಪತ್ತು ಚರ್ಚೆ, ಹತ್ತು ಪ್ರಾರ್ಥನೆ. ಓದಿಗೆ ಕೊಟ್ಟ ಸಮಯವನ್ನು ಚರ್ಚೆ ನುಂಗದಂತೆ ಒಬ್ಬರು ಗಡಿಯಾರ ನೋಡಲಿ. ಹದಿನಾರು ವಾರವನ್ನು ಶುಭ ಶುಕ್ರವಾರಕ್ಕೆ ಮುಗಿಯುವಂತೆ ಹಿಂದಕ್ಕೆ ಎಣಿಸಿ ಡಿಸೆಂಬರಿನಲ್ಲಿ ಆರಂಭಿಸಿದರೆ ಒಳ್ಳೆಯದು. ಆ ದಿನ ಅನೇಕ ಸಭೆಗಳಲ್ಲಿ ಯೆಶಾಯ 53 ಓದುತ್ತಾರೆ, ಕಥೋಲಿಕರ ಪಾಸ್ಖ ಜಾಗರಣೆಯಲ್ಲಿ ಯೆಶಾಯ 54, 55, ಬಾರೂಕ ಮತ್ತು ಯೆಹೆಜ್ಕೇಲ 36ರ ವಾಚನಗಳಿವೆ. ಮುಂದುವರಿಸುವ ಮನಸ್ಸಿದ್ದರೆ ಹಗ್ಗಾಯ ಎರಡೇ ಅಧ್ಯಾಯ. ಅಲ್ಲಿಯೂ ತಾರೀಖುಗಳಿವೆ, ಮೊದಲನೆಯದು 520ರ ಆಗಸ್ಟ್ 29.